ದಾವಣಗೆರೆ ವಿದ್ಯಾರ್ಥಿಗಳಿಗೆ ಕಲೆ, ನಾಟಕ, ಉತ್ಸವ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಸಾಂಸ್ಕೃತಿಕ ಸಮಿತಿ ನೋಡಿಕೊಳ್ಳುವವರನ್ನು ವರ್ಷವಿಡೀ ಪ್ರಶ್ನೆಗಳು ಬೆನ್ನು ಹತ್ತಿರುತ್ತವೆ. ಸ್ಟಾಫ್ ರೂಮಿನ ಬಾಗಿಲಲ್ಲಿ, ಜಯದೇವ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವಾಗ, ವಾಟ್ಸಾಪ್‌ನಲ್ಲಿ, ಅಪರೂಪಕ್ಕೆ ಪೋಷಕರು ಬರೆದ ಪತ್ರದಲ್ಲಿ. ಮತ್ತೆ ಮತ್ತೆ ಬರುವವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆ ಮೊದಲು, ಆಗಲೇ ವೇದಿಕೆ ಹತ್ತಿದವರದ್ದು ಆಮೇಲೆ.

## ಹೊಸಬರಿಗೆ

ಮೇಡಂ, ದಾವಣಗೆರೆಯಲ್ಲಿ ನೋಡೋಕೆ ಏನಿದೆ? ಎಲ್ಲಾ ಬೆಂಗಳೂರು, ಮೈಸೂರಲ್ಲೇ ಅಲ್ವಾ?

ಅಲ್ಲ. ನಾಟಕದ ಮಟ್ಟಿಗಂತೂ ದಾವಣಗೆರೆ ಯಾವ ಊರಿಗೂ ಕಡಿಮೆ ಇಲ್ಲ. ಟಿಕೆಟ್ ಇಟ್ಟು ಊರೂರು ಸುತ್ತುವ ವೃತ್ತಿ ತಂಡಗಳ ನಾಟಕ, ಅಂದರೆ ಕಂಪನಿ ನಾಟಕಗಳನ್ನು ದಶಕಗಳ ಕಾಲ ಸಾಕಿದ ಊರು ಇದು. ಕಂಪನಿ ನಾಟಕದ ಹೆಸರಾಂತ ನಟಿ ಚಿಂದೋಡಿ ಲೀಲಾ ಇಲ್ಲಿಯವರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವೃತ್ತಿ ರಂಗಭೂಮಿಗೆ ಅಂತಲೇ ಸರ್ಕಾರ ಮಾಡಿದ ರಂಗಾಯಣ ಅನ್ನುವ ರಂಗಸಂಸ್ಥೆಯೂ ನಮ್ಮ ಪಕ್ಕದ ಕೊಂಡಜ್ಜಿಯಲ್ಲೇ ಇದೆ. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೃತ್ತಿ ರಂಗೋತ್ಸವ ನಡೆದದ್ದೂ ದಾವಣಗೆರೆಯಲ್ಲೇ.

ಚಿತ್ರಕಲೆಗೆ 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಈಗ ಅದು ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜು. 1992ರ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ನಡೆದದ್ದು ಇದೇ ಊರಲ್ಲಿ. ಚಿತ್ರದುರ್ಗಕ್ಕೆ ಹೋಗಲು ಒಂದೂಕಾಲು ಗಂಟೆ ಸಾಕು, ಅಲ್ಲಿ ತ.ರಾ.ಸು. ರಂಗಮಂದಿರ ಇದೆ. ನಾಟಕೋತ್ಸವದ ಸಾಣೇಹಳ್ಳಿ, ತರಳಬಾಳು ಮಠದ ಸಿರಿಗೆರೆ ಅದೇ ಜಿಲ್ಲೆಯಲ್ಲಿವೆ. ಊರಲ್ಲಿ ಏನೂ ಇಲ್ಲ ಅನ್ನುವವರಲ್ಲಿ ಹೆಚ್ಚಿನವರು ಒಂದು ಸಂಜೆಯೂ ಕನ್ನಡ ಭವನದ ಕಡೆ ಹೋದವರಲ್ಲ. ಮೊದಲು ಹೋಗಿ ಕೂತು ನೋಡಿ.

ಮುಂದೆ ಯಾವ್ಯಾವ ತಿಂಗಳಲ್ಲಿ ಏನೇನಿರುತ್ತೆ? ಒಂದೇ ಸಲ ಹೇಳಿಬಿಡಿ.

ದಿನಾಂಕಗಳು ಪಂಚಾಂಗದ ಜೊತೆ, ಪರೀಕ್ಷೆಯ ವೇಳಾಪಟ್ಟಿಯ ಜೊತೆ ಹಿಂದೆ ಮುಂದೆ ಆಗುತ್ತವೆ. ತಿಂಗಳ ಲೆಕ್ಕ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಮಳೆಗಾಲ ಅಂದರೆ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ, ಕಲೋತ್ಸವ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ, ಕ್ಯಾಮೆರಾ ಹುಚ್ಚು ಇರುವವರು ಬರೆದಿಟ್ಟುಕೊಳ್ಳಿ. ಗಣೇಶ ಹಬ್ಬದಲ್ಲಿ ಬಡಾವಣೆಗೊಂದು ವೇದಿಕೆ ಏಳುತ್ತದೆ. ದಸರಾ ಸಮಯದಲ್ಲಿ ಚಿತ್ರದುರ್ಗದ ಶರಣ ಸಂಸ್ಕೃತಿ ಉತ್ಸವ. ನವೆಂಬರ್ 1ಕ್ಕೆ ರಾಜ್ಯೋತ್ಸವ, ಅದರ ಹಿಂದೆಯೇ ಮೊದಲ ವಾರದಲ್ಲಿ ಸಾಣೇಹಳ್ಳಿಯ ರಾಷ್ಟ್ರೀಯ ನಾಟಕೋತ್ಸವ. ರಾಜ್ಯೋತ್ಸವದ ಕಾರ್ಯಕ್ರಮಗಳು ತಿಂಗಳಿಡೀ ಎಳೆದುಕೊಂಡು ಹೋಗುತ್ತವೆ, ಅದು ಒಳ್ಳೆಯದೇ. ಜನವರಿ 12 ರಾಷ್ಟ್ರೀಯ ಯುವ ದಿನ. ಅದರ ಹಿಂದಿನ ವಾರಗಳಲ್ಲಿ ಜಿಲ್ಲೆ, ರಾಜ್ಯ ಮಟ್ಟದ ಯುವಜನೋತ್ಸವಗಳು ಆಗುತ್ತವೆ.

ಮಾಘ ಮಾಸದಲ್ಲಿ ಸಿರಿಗೆರೆ ಮಠದವರ ತರಳಬಾಳು ಹುಣ್ಣಿಮೆ. ಫೆಬ್ರುವರಿಯಲ್ಲಿ ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಜಾತ್ರೆ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿ. ಮಾರ್ಚ್‌ನಲ್ಲಿ ನಾಯಕನಹಟ್ಟಿ ತೇರು, ಮಾರ್ಚ್ 27ಕ್ಕೆ ವಿಶ್ವ ರಂಗಭೂಮಿ ದಿನ. ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಮಾರ್ಚ್ ಆಸುಪಾಸು. 2024ರಲ್ಲಿ ಆಗಿತ್ತು, ಹಾಗಾಗಿ ಸಮ ಸಂಖ್ಯೆಯ ವರ್ಷಗಳಲ್ಲಿ ಲೆಕ್ಕ ಹಾಕಿಕೊಳ್ಳಿ. ಏಪ್ರಿಲ್, ಮೇ ತಿಂಗಳು ಬೇಸಿಗೆ ಶಿಬಿರಗಳದ್ದು.

ಕಾರ್ಯಕ್ರಮ ಮುಗಿದ ಮೇಲೇ ನಮಗೆ ಗೊತ್ತಾಗೋದು. ಮೊದಲೇ ಹೇಗೆ ತಿಳ್ಕೋಬೇಕು?

ಬೆಳಿಗ್ಗೆ ಐದು ನಿಮಿಷ ಜನತಾವಾಣಿ ತಿರುವಿ ಹಾಕಿ. ‘ನಗರದಲ್ಲಿ ಇಂದು’ ಅಂತ ಶುರುವಾಗುವ ಸಣ್ಣ ಸಣ್ಣ ಸುದ್ದಿಗಳಿರುತ್ತವೆ. ಪುಸ್ತಕ ಬಿಡುಗಡೆಯಿಂದ ಹಿಡಿದು ಗಮಕ ವಾಚನದ ತನಕ ಎಲ್ಲವೂ ಅಲ್ಲಿ ಸಿಗುತ್ತದೆ. ರಾಜ್ಯ ಮಟ್ಟದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲೂ ಇರುತ್ತದೆ, ಆದರೆ ಊರ ಪತ್ರಿಕೆಯಷ್ಟು ತುಂಬ ಅಲ್ಲ.

ಎರಡನೆಯದು, ಕಾರ್ಯಕ್ರಮ ನಡೆಯುವ ಜಾಗಗಳ ಮೇಲೆ ಕಣ್ಣಿಡಿ. ವಿದ್ಯಾನಗರದ ಕುವೆಂಪು ಕನ್ನಡ ಭವನ, ಬಾಪೂಜಿ ಸಭಾಂಗಣ, ರೋಟರಿ ಬಾಲಭವನ, ಹೈಸ್ಕೂಲ್ ಮೈದಾನ. ಈ ನಾಲ್ಕು ಕಡೆ ಬ್ಯಾನರ್ ನೋಡುತ್ತಿದ್ದರೆ ಊರಿನ ಅರ್ಧ ಕಾರ್ಯಕ್ರಮ ನಿಮಗೆ ಗೊತ್ತಾದ ಹಾಗೆ.

ಮೂರನೆಯದನ್ನು ಯಾರೂ ಮಾಡುವುದಿಲ್ಲ. ಒಂದು ಕಾರ್ಯಕ್ರಮಕ್ಕೆ ಹೋದಾಗ ಮುಗಿದ ತಕ್ಷಣ ಓಡಬೇಡಿ. ಸಂಘಟಕರ ಹತ್ತಿರ ಹೋಗಿ, ಯಾವ ಕಾಲೇಜು ಅಂತ ಹೇಳಿ, ಅವರ ವಾಟ್ಸಾಪ್ ಗುಂಪಿಗೆ ಸೇರಿಸಿ ಅನ್ನಿ. ವಿದ್ಯಾರ್ಥಿಗಳು ಬಂದರೆ ಅವರಿಗೆ ಎಷ್ಟು ಖುಷಿ ಅಂತ ನಿಮಗೆ ಗೊತ್ತಿಲ್ಲ.

ಟಿಕೆಟ್ ಎಷ್ಟಿರುತ್ತೆ? ಹಾಸ್ಟೆಲ್ ಹುಡುಗರ ಹತ್ರ ದುಡ್ಡಿರಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಸಾಹಿತ್ಯ ಪರಿಷತ್ತು, ಮಠಗಳು ಮಾಡುವ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಕಂಪನಿ ನಾಟಕಕ್ಕೆ ಇರುತ್ತದೆ, ಅದೇ ಅವರ ಅನ್ನ. ಹವ್ಯಾಸಿ ತಂಡಗಳು ಕೆಲವೊಮ್ಮೆ ಟಿಕೆಟ್ ಇಡುತ್ತವೆ. ಅಲ್ಲಿ ಪಾಸ್ ಕೇಳಬೇಡಿ. ತಿಂಗಳಿಗೊಂದು ಸಲ ಬೆಣ್ಣೆ ದೋಸೆಗೆ ಹಾಕುವ ದುಡ್ಡನ್ನು ನಾಟಕಕ್ಕೆ ಹಾಕಿ, ಅವತ್ತು ಮಂಡಕ್ಕಿ ಮಿರ್ಚಿಯಲ್ಲಿ ಮುಗಿಸಿ.

ಶಾಸ್ತ್ರೀಯ ಸಂಗೀತ ಅರ್ಥ ಆಗಲ್ಲ. ಸುಮ್ನೆ ಹೋಗಿ ಕೂತ್ರೆ ಯಾರಾದ್ರೂ ಏನಾದ್ರೂ ಅಂತಾರಾ?

ಯಾರೂ ಏನೂ ಅನ್ನುವುದಿಲ್ಲ. ಅರ್ಥ ಮಾಡಿಕೊಂಡೇ ಹೋಗಬೇಕು ಅಂತಿದ್ದರೆ ಯಾವ ಕಛೇರಿಯೂ ತುಂಬುತ್ತಿರಲಿಲ್ಲ. ಹಿಂದೂಸ್ತಾನಿ ಆದರೆ ಮೊದಲು ನಿಧಾನವಾದ ಆಲಾಪ ಇರುತ್ತದೆ. ಹೆಚ್ಚಿನವರು ಅಲ್ಲೇ ಮೊಬೈಲ್ ತೆಗೆಯುತ್ತಾರೆ. ತೆಗೆಯಬೇಡಿ. ತಬಲಾ ಸೇರಿಕೊಳ್ಳುವ ತನಕ ಕಾಯಿರಿ, ಆಮೇಲೆ ‘ಸಮ್’ ಎಲ್ಲಿ ಬೀಳುತ್ತೆ ಅಂತ ಹುಡುಕಿ. ಗಾಯಕರು, ತಬಲಾದವರು ಇಬ್ಬರೂ ತಲೆಯಾಡಿಸಿ ಕೂಡುವ ಜಾಗ ಅದು. ಅದು ಸಿಕ್ಕ ದಿನ ಕೇಳುವ ಸುಖವೇ ಬೇರೆ. ಹಿಡಿಸದಿದ್ದರೆ ಒಂದು ಹಾಡು ಮುಗಿದ ಮೇಲೆ ಎದ್ದು ಹೋಗಿ, ಹಾಡಿನ ನಡುವೆ ಬೇಡ.

ಮಗಳು ರಾತ್ರಿ ನಾಟಕಕ್ಕೆ ಹೋಗ್ತೀನಿ ಅಂತಾಳೆ. ಕಳಿಸಬಹುದಾ ಮೇಡಂ?

ಬಹಳ ತಾಯಂದಿರು ಕೇಳುವ ಪ್ರಶ್ನೆ ಇದು. ಕಳಿಸಿ ಅಂತಲೇ ನನ್ನ ಮಾತು. ಒಬ್ಬಳನ್ನೇ ಬೇಡ, ನಾಲ್ಕೈದು ಜನ ಸೇರಿ ಹೋಗಲಿ. ಜೊತೆಗೆ ಒಬ್ಬ ಉಪನ್ಯಾಸಕಿಯೋ ಯಾರದಾದರೂ ಅಮ್ಮನೋ ಇರಲಿ. ನೀವೇ ಹೋದರೆ ಇನ್ನೂ ಒಳ್ಳೆಯದು. ಬೇರೆ ಊರಿಗಾದರೆ ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಬೇಕು. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಹಾಗಾಗಿ ಕೈಯಲ್ಲಿ ಚಾರ್ಜಿಗೆ ದುಡ್ಡಿರಲಿ. ಹುಡುಗರನ್ನು ಯಾರೂ ಕೇಳದೆ ಕಳಿಸುತ್ತಾರೆ. ಹುಡುಗಿಯರ ವಿಷಯದಲ್ಲಿ ಮನೆಯ ಬಾಗಿಲಲ್ಲೇ ಎಷ್ಟೋ ಒಳ್ಳೆಯ ನಟಿಯರು ನಿಂತುಹೋಗುತ್ತಾರೆ, ಅದು ನನಗೆ ನೋವಿನ ಸಂಗತಿ.

## ನೋಡಲು ಹೊರಟವರಿಗೆ

ಕಂಪನಿ ನಾಟಕ ಅಂದ್ರೆ ಬರೀ ಡಬಲ್ ಮೀನಿಂಗ್ ಅಂತಾರೆ. ನೋಡಬಹುದಾ?

ಅಂಥ ಮಾತು ಇರುವ ನಾಟಕಗಳಿವೆ, ಇಲ್ಲ ಅನ್ನುವುದಿಲ್ಲ. ಸಿನಿಮಾ, ಟಿವಿ, ಮೊಬೈಲ್ ಒಂದಾದ ಮೇಲೊಂದು ಬಂದು ಗಲ್ಲಾಪೆಟ್ಟಿಗೆ ಖಾಲಿ ಮಾಡಿದಾಗ ಕೆಲವು ಕಂಪನಿಗಳು ಹಾಸ್ಯವನ್ನು ಆ ದಾರಿಗೆ ತಿರುಗಿಸಿದವು. ಆದರೆ ಅಷ್ಟನ್ನೇ ಹಿಡಿದುಕೊಂಡು ಇಡೀ ಪರಂಪರೆಯನ್ನು ತಳ್ಳಿಹಾಕುವುದು ಅನ್ಯಾಯ. ಪೌರಾಣಿಕ, ಐತಿಹಾಸಿಕ, ಭಕ್ತಿಯ ಕಥೆಗಳು, ಸಾಮಾಜಿಕ ನಾಟಕಗಳು ಎಲ್ಲವೂ ಇದೇ ಪರದೆಗಳ ಮುಂದೆ ನಡೆದಿವೆ.

ನಾಟಕ ಕಲಿಯುವವರು ನೋಡಲೇಬೇಕಾದ್ದು ಅಲ್ಲಿನ ಕಸುಬು. ಮುಂದಿನ ಸಾಲಲ್ಲಿ, ಬದಿಗೆ ಕೂತುಕೊಳ್ಳಿ. ಅಲ್ಲಿಂದ ಹಾರ್ಮೋನಿಯಂ ಮಾಸ್ತರ್ ಕಾಣಬೇಕು. ಅವರ ಕೈ ವಾದ್ಯದ ಕೀಗಳ ಮೇಲಿರುತ್ತದೆ, ಕಣ್ಣು ಮಾತ್ರ ನಟರ ಮೇಲೆ. ನಟಿ ಮಾತು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಶ್ರುತಿ ಎದ್ದಿರುತ್ತದೆ. ಹಾಸ್ಯಗಾರ ಎಡವಿದ ಕ್ಷಣಕ್ಕೆ ಸರಿಯಾಗಿ ತಾಳವಾದ್ಯದ ಪೆಟ್ಟು ಬೀಳುತ್ತದೆ. ಒಂದು ಚಣ ತಡವಾದರೂ ಜನ ನಗುವುದಿಲ್ಲ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಪರದೆಗಳನ್ನೂ ಗಮನಿಸಿ. ರಸ್ತೆಯ ಪರದೆ ಇಳಿದು ಅದರ ಮುಂದೆ ಹಾಸ್ಯದ ದೃಶ್ಯ ನಡೆಯುತ್ತಿರುವಾಗ ಹಿಂದೆ ಅರಮನೆಯೋ ಮನೆಯೋ ಸಿದ್ಧವಾಗುತ್ತಿರುತ್ತದೆ. ಹಾಸ್ಯಗಾರ ನಗಿಸುತ್ತಲೇ ಹಿಂದಿನ ಕೆಲಸಕ್ಕೆ ಸಮಯ ಕೊಡುತ್ತಿರುತ್ತಾನೆ. ನಮ್ಮ ಕಾಲೇಜು ನಾಟಕಗಳಲ್ಲಿ ದೃಶ್ಯಕ್ಕೊಂದು ಸಲ ದೀಪ ಆರಿಸಿ ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸುತ್ತೇವಲ್ಲ, ಅದಕ್ಕೆ ಇವರು ಎಂದೋ ಉತ್ತರ ಕಂಡುಕೊಂಡಿದ್ದಾರೆ.

ಜಾತ್ರೆಗಳು ಇವರಿಗೆ ಸುಗ್ಗಿ. ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ದಾವಣಗೆರೆಯಲ್ಲಿ ಟೆಂಟ್ ಬೀಳುತ್ತದೆ. ಜನವರಿ ಸುಮಾರಿಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದರೆ ಒಂದೇ ಊರಲ್ಲಿ ಹಲವು ಕಂಪನಿ ನೋಡಬಹುದು. ಮನೆಯವರ ಜೊತೆ ಹೋಗುವುದಾದರೆ ನಾಟಕ ಯಾವುದು, ಹೇಗಿದೆ ಅಂತ ಹಿಂದಿನ ದಿನ ನೋಡಿ ಬಂದವರನ್ನು ಕೇಳಿಕೊಂಡು ಹೊರಡಿ.

ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋಗಬೇಕಾ? ಅಷ್ಟು ದೂರ ಯಾಕೆ?

ಹೋಗಲೇಬೇಕು. ವರ್ಷಕ್ಕೆ ಒಂದೇ ಕಾರ್ಯಕ್ರಮ ನೋಡುತ್ತೇನೆ ಅನ್ನುವವರಿಗೂ ನಾನು ಇದನ್ನೇ ಹೇಳುವುದು. ಸಾಣೇಹಳ್ಳಿ ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ. ಅಲ್ಲಿನ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶಿವಸಂಚಾರ ಅನ್ನುವ ತಿರುಗಾಟದ ನಾಟಕ ತಂಡ ಶುರುವಾಯಿತು. ಪ್ರತಿ ವರ್ಷ ಹೊಸ ನಟನಟಿಯರು ಸೇರಿ ಮೂರು ನಾಟಕ ಕಲಿತು, ಅವನ್ನು ಹೊತ್ತುಕೊಂಡು ನಾಡಿನ ಊರೂರು ಸುತ್ತುತ್ತಾರೆ. ನವೆಂಬರ್ ನಾಟಕೋತ್ಸವದಲ್ಲಿ ಆ ನಾಟಕಗಳ ಜೊತೆ ಬೇರೆ ಕಡೆಯ ತಂಡಗಳೂ ಬರುತ್ತವೆ.

ಬಯಲು ರಂಗಮಂದಿರ ನೋಡಿದ ಮೇಲೆ ಸಭಾಂಗಣದ ಕುರ್ಚಿ ಸಪ್ಪೆ ಅನಿಸುತ್ತದೆ. ಗ್ರೀಕ್ ಮಾದರಿಯಲ್ಲಿ ಅರ್ಧ ವೃತ್ತಾಕಾರದ ಮೆಟ್ಟಿಲುಗಳು, ಮೇಲೆ ಆಕಾಶ. ಸಾವಿರಾರು ಜನ ಕೂರಬಹುದು. ಅಕ್ಕಪಕ್ಕದ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದ ರೈತ ಕುಟುಂಬಗಳು ಗಂಭೀರವಾದ ನಾಟಕವನ್ನು ಕೊನೆತನಕ ಕೂತು ನೋಡುತ್ತವೆ. ಹಳ್ಳಿ ಜನಕ್ಕೆ ಹೊಸ ನಾಟಕ ಹಿಡಿಸಲ್ಲ ಅನ್ನುವವರು ಅಲ್ಲಿ ಒಂದು ರಾತ್ರಿ ಕೂರಬೇಕು.

ಹೋಗುವವರು ಶಾಲು ಅಥವಾ ಸ್ವೆಟರ್ ಇಟ್ಟುಕೊಳ್ಳಿ. ನವೆಂಬರಿನ ರಾತ್ರಿ, ಬಯಲು, ಕೂತ ಮೆಟ್ಟಿಲೂ ತಣ್ಣಗಿರುತ್ತದೆ. ಊಟಕ್ಕೆ ದಾಸೋಹ ಇದೆ. ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದಾದರೆ ಕಾಲೇಜಿನಿಂದ ಮೊದಲೇ ಪತ್ರ ಬರೆದು ಉಳಿಯುವ ವ್ಯವಸ್ಥೆ ಕೇಳಿಕೊಳ್ಳಿ. ಒಂದೇ ರಾತ್ರಿಗೆ ಹೋಗಿ ಬರುವುದಾದರೆ ಕಾಲೇಜು ಬಸ್ಸೋ ಬಾಡಿಗೆ ಗಾಡಿಯೋ ಬೇಕು. ನಾಟಕ ಬಿಡುವ ಹೊತ್ತಿಗೆ ಸಿಗುವ ಬಸ್ಸನ್ನು ನಂಬಿಕೊಂಡು ಹೋಗಬೇಡಿ.

ತರಳಬಾಳು ಹುಣ್ಣಿಮೆ, ಜಾತ್ರೆ ಇವೆಲ್ಲ ಧಾರ್ಮಿಕ ಅಲ್ವಾ? ನಮಗೆ ಅದ್ರಲ್ಲಿ ಏನಿದೆ?

ಧಾರ್ಮಿಕವೇ. ಆದರೆ ನಮ್ಮ ಸೀಮೆಯಲ್ಲಿ ದೊಡ್ಡ ವೇದಿಕೆ ಕಟ್ಟುವುದು, ಸಾವಿರಗಟ್ಟಲೆ ಜನ ಸೇರುವುದು ಇಂಥ ಕಡೆಯೇ. ತರಳಬಾಳು ಹುಣ್ಣಿಮೆ ಒಂಬತ್ತು ದಿನ ನಡೆಯುತ್ತದೆ, ವರ್ಷಕ್ಕೊಂದು ಊರಲ್ಲಿ. ಭಾಷಣಗಳ ನಡುವೆ ಸಿರಿಗೆರೆ ಶಾಲೆಯ ಮಕ್ಕಳ ಮಲ್ಲಕಂಬ, ಮಲ್ಲಿಹಗ್ಗ ಇರುತ್ತದೆ. ನಿಮಗಿಂತ ಚಿಕ್ಕ ಹುಡುಗಿಯರು ಒಂದೇ ಹಗ್ಗದ ಮೇಲೆ ಆಸನ ಹಾಕುವುದನ್ನು ನೃತ್ಯ ಕಲಿಯುವವರು ನೋಡಬೇಕು. ಸೂರಗೊಂಡನಕೊಪ್ಪಕ್ಕೆ ಬೇರೆ ರಾಜ್ಯಗಳ ಬಂಜಾರರೂ ಬರುತ್ತಾರೆ. ಕನ್ನಡಿ ಹೊಲಿದ ಉಡುಪಿನ ಕೈಕೆಲಸ, ಹೆಂಗಸರ ಹಾಡು ಕುಣಿತ ಎಲ್ಲವನ್ನೂ ಅಲ್ಲಿ ಹತ್ತಿರದಿಂದ ಕಾಣಬಹುದು. ಫೋಟೊ ತೆಗೆಯುವ ಮುಂಚೆ ಕೇಳಿ.

ಚಿತ್ರಕಲಾ ಪ್ರದರ್ಶನ ಎಲ್ಲಿ ನಡೀತವೆ?

ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳ ಪ್ರದರ್ಶನ ತಪ್ಪಿಸಬೇಡಿ. ವರ್ಷದ ಕೊನೆಯ ಕೆಲಸಗಳು ಗೋಡೆ ಏರುವುದು ಅಲ್ಲೇ. ಪ್ರದರ್ಶನ ಇಲ್ಲದ ದಿನ ಸ್ಕೆಚ್ ಪುಸ್ತಕ ಹಿಡಿದು ಹರಿಹರಕ್ಕೆ ಹೋಗಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಕಂಬಗಳನ್ನು ಬರೆಯುತ್ತ ಒಂದು ಭಾನುವಾರ ಕಳೆಯಬಹುದು. ಸಂತೇಬೆನ್ನೂರಿನ ಪುಷ್ಕರಣಿಯೂ ಹಾಗೆಯೇ. ಮೆಟ್ಟಿಲು, ನೀರು, ನಡುವಿನ ಮಂಟಪ. ಪರ್‌ಸ್ಪೆಕ್ಟಿವ್ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಬೆಂಗಳೂರಿಗೆ ಒಂದು ಸಲ ಹೋಗುವುದಾದರೆ ಜನವರಿಯ ಚಿತ್ರಸಂತೆಗೆ ಹೋಗಿ.

## ಸ್ಪರ್ಧೆಗೆ ಇಳಿಯುವವರಿಗೆ

ಯುವಜನೋತ್ಸವ ಅಂತ ಎರಡು ಸಲ ಬರುತ್ತಲ್ಲ, ಎರಡೂ ಒಂದೇನಾ?

ಬೇರೆ ಬೇರೆ. ಒಂದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಅದಕ್ಕೆ ವಯಸ್ಸು 15ರಿಂದ 29, ಕಾಲೇಜಿಗೆ ಹೋಗದವರೂ ಸೇರಬಹುದು. ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ ಹೋಗುತ್ತದೆ. 2023ರ ರಾಷ್ಟ್ರೀಯ ಉತ್ಸವ ಹುಬ್ಬಳ್ಳಿಯಲ್ಲೇ ಆಗಿತ್ತು.

ಇನ್ನೊಂದು ವಿಶ್ವವಿದ್ಯಾಲಯದ್ದು, ಕಾಲೇಜು ಕಾಲೇಜುಗಳ ನಡುವೆ. ಅಲ್ಲಿ ಗೆದ್ದವರಲ್ಲಿ ಆರಿಸಿ ವಿಶ್ವವಿದ್ಯಾಲಯದ ತಂಡ ಮಾಡಿ ವಲಯ ಮಟ್ಟಕ್ಕೆ ಕಳಿಸುತ್ತಾರೆ. ಅದರ ನಿಯಮಗಳೆಲ್ಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು, ಎಲ್ಲರೂ ಎಐಯು ಅನ್ನುತ್ತಾರೆ. ವಯಸ್ಸು 25ರ ಒಳಗಿರಬೇಕು. ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಅಂತ ಐದು ವಿಭಾಗ. ಎರಡಕ್ಕೂ ಹೋಗಬಹುದು, ಯಾರ ತಕರಾರೂ ಇಲ್ಲ.

ನಾನು ಬಿಐಇಟಿ, ಗೆಳತಿ ಡಿಗ್ರಿ ಕಾಲೇಜು, ಇನ್ನೊಬ್ಬಳು ಜೆಜೆಎಂ. ಮೂವರೂ ಒಂದೇ ಟೀಮಲ್ಲಿ ಹಾಡಬಹುದಾ?

ವಿಶ್ವವಿದ್ಯಾಲಯದ ಉತ್ಸವದಲ್ಲಿ ಆಗುವುದಿಲ್ಲ. ಬಿಐಇಟಿ ಎಂಜಿನಿಯರಿಂಗ್ ಕಾಲೇಜು, ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಗೆ ಸೇರಿದ್ದು. ಜೆಜೆಎಂ ಮೆಡಿಕಲ್ ಇರುವುದು ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ. ಡಿಗ್ರಿ ಕಾಲೇಜು ದಾವಣಗೆರೆ ವಿವಿಯದ್ದು. ಒಂದೇ ಬೀದಿಯ ಹುಡುಗಿಯರು ಮೂರು ವಿಶ್ವವಿದ್ಯಾಲಯದವರು. ಇಲಾಖೆಯ ಯುವಜನೋತ್ಸವದಲ್ಲಿ ಜಿಲ್ಲೆಯ ಯುವಕ ಯುವತಿಯರಾಗಿ ಒಟ್ಟಿಗೆ ಹೋಗಬಹುದು. ಊರಿನ ವೇದಿಕೆಗಳಲ್ಲಂತೂ ಯಾರೂ ಕೇಳುವುದಿಲ್ಲ.

ಏಕಾಂಕ, ಸ್ಕಿಟ್, ಮೈಮ್‌ಗೆ ಎಷ್ಟು ಜನ, ಎಷ್ಟು ನಿಮಿಷ?

ಎಐಯು ಲೆಕ್ಕದಲ್ಲಿ ಏಕಾಂಕ ನಾಟಕಕ್ಕೆ 9 ಜನ, 30 ನಿಮಿಷ. ಸ್ಕಿಟ್‌ಗೆ 6 ಜನ, 10 ನಿಮಿಷ. ಮೈಮ್ ಅಂದರೆ ಮೂಕಾಭಿನಯಕ್ಕೆ 6 ಜನ, 5 ನಿಮಿಷ. ಸಮೂಹ ಗಾಯನಕ್ಕೆ 6 ಹಾಡುಗಾರರು, 10 ನಿಮಿಷ. ಕಾಲೇಜಿಗೆ ಬರುವ ಸುತ್ತೋಲೆಯ ಜೊತೆ ನಿಯಮಗಳ ಹಾಳೆ ಇರುತ್ತದೆ, ಆ ವರ್ಷದ್ದನ್ನೇ ಓದಿ.

ಸಮಯ ಮೀರಿದರೆ ಅಂಕ ಹೋಗುತ್ತದೆ. 30 ನಿಮಿಷದ ನಾಟಕವನ್ನು 26ಕ್ಕೆ ಕಟ್ಟಿ. ಪ್ರೇಕ್ಷಕರು ನಕ್ಕರೆ, ಚಪ್ಪಾಳೆ ಹೊಡೆದರೆ ಆ ಸಮಯ ನಿಮ್ಮದೇ ಖಾತೆಯಿಂದ ಹೋಗುತ್ತದೆ. ತಾಲೀಮಿನ ಕೋಣೆಯಲ್ಲಿ ಯಾರೂ ನಗುವುದಿಲ್ಲವಾದ್ದರಿಂದ ಇದು ಗೊತ್ತಾಗುವುದಿಲ್ಲ.

ಜನಪದ ನೃತ್ಯಕ್ಕೆ ಪ್ರತಿ ಸಲ ಡೊಳ್ಳೇ ಮಾಡ್ತೀವಿ. ಬೇರೆ ಏನಾದ್ರೂ ಹೇಳಿ.

ಡೊಳ್ಳಿಗೆ ನನ್ನ ವಿರೋಧ ಇಲ್ಲ. ಮಾಡುವುದಾದರೆ ಚರ್ಮದ ಡೊಳ್ಳೇ ಇರಲಿ. ಮಳೆಗಾಲದಲ್ಲಿ ತಂಡಿಗೆ ಚರ್ಮ ಸಡಿಲಾಗಿ ದನಿ ಸತ್ತುಹೋಗುತ್ತದೆ. ವೇದಿಕೆ ಏರುವ ಮುಂಚೆ ಬಿಸಿಲಿಗೋ ಬೆಂಕಿಯ ಕಾವಿಗೋ ಹಿಡಿದು, ಬೆರಳಲ್ಲಿ ತಟ್ಟಿ ನೋಡಿಕೊಂಡು ಹೋಗಬೇಕು.

ಆದರೆ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಗಳಲ್ಲಿ ಇರುವ ಸಂಪತ್ತಿಗೆ ಡೊಳ್ಳೊಂದೇ ಸಾಲದು. ವೀರಗಾಸೆ ಇದೆ, ಅದರ ಒಡಪು, ಅಂದರೆ ಕುಣಿತದ ನಡುವೆ ಏರುದನಿಯಲ್ಲಿ ಹೇಳುವ ಸ್ತುತಿ, ಅದೇ ಒಂದು ವಿದ್ಯೆ. ಮೈಲಾರಲಿಂಗನ ಗೊರವರ ಕುಣಿತ ಇದೆ. ಹಳ್ಳಿಗಳಲ್ಲಿ ಕೋಲಾಟದ ತಂಡಗಳು ಈಗಲೂ ಇವೆ, ಹತ್ತು ಜನ ಹೆಜ್ಜೆ ತಪ್ಪದೆ ಜಡೆ ಹೆಣೆದು ಬಿಚ್ಚುವ ಕೋಲಾಟ ಕಟ್ಟಿದರೆ ತೀರ್ಪುಗಾರರು ತಲೆ ಎತ್ತಿ ನೋಡುತ್ತಾರೆ. ಲಂಬಾಣಿ ಕುಣಿತವಿದೆ. ಹಾಡಿನ ವಿಭಾಗಕ್ಕಾದರೆ ಚಳ್ಳಕೆರೆ, ಹಿರಿಯೂರು ಕಡೆಯ ಕಾಡುಗೊಲ್ಲರ ಪದಗಳಿವೆ. ಅವರ ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ಅವರ ದೈವವಾದ ಜುಂಜಪ್ಪನ ಕಾವ್ಯ ಹಾಡುವುದು ಅದರ ಜೊತೆಗೇ. ಸಾವಿರಾರು ಪದಗಳನ್ನು ಬರೀ ನೆನಪಿನಲ್ಲಿ ಇಟ್ಟುಕೊಂಡಿದ್ದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು.

ಒಂದು ಮಾತು. ಯೂಟ್ಯೂಬ್ ನೋಡಿ ಕಲಿಯಬೇಡಿ. ನಿಮ್ಮ ತರಗತಿಯಲ್ಲೇ ಆ ಊರಿನ, ಆ ಸಮುದಾಯದ ವಿದ್ಯಾರ್ಥಿಗಳಿರುತ್ತಾರೆ. ಅವರ ಅಜ್ಜಿಯನ್ನೋ ಸೋದರಮಾವನನ್ನೋ ಕರೆಸಿ, ಇಲ್ಲವೇ ನೀವೇ ಅಲ್ಲಿಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಕಾಲೇಜಿನಿಂದ ಗೌರವಧನ ಕೊಡಿಸಿ. ಕೆಲವು ಕುಣಿತ, ಕೆಲವು ಪದ ದೇವರ ಕೆಲಸಕ್ಕೆ ಮಾತ್ರ ಅಂತ ಅವರು ಹೇಳಿದರೆ ಅದನ್ನು ಬಿಟ್ಟುಬಿಡಿ.

ಸ್ಥಳದಲ್ಲೇ ಚಿತ್ರ ಬರೆಯೋ ಸ್ಪರ್ಧೆಯಲ್ಲಿ ಟೈಮ್ ಸಾಲಲ್ಲ. ಏನ್ ಮಾಡ್ಲಿ?

ಎರಡೂವರೆ ಗಂಟೆ ಇರುತ್ತದೆ. ಹಾಳೆ ಹಾಫ್ ಇಂಪೀರಿಯಲ್, ಅಂದರೆ 22 ಇಂಚು 15 ಇಂಚು, ಅವರೇ ಕೊಡುತ್ತಾರೆ. ಬಣ್ಣ, ಕುಂಚ ನಿಮ್ಮದು. ಮನೆಯಲ್ಲಿ ಎ4 ಹಾಳೆಯಲ್ಲಿ ಅಭ್ಯಾಸ ಮಾಡಿ ಬಂದವರಿಗೆ ಆ ಅಳತೆ ನೋಡಿದ ಕೂಡಲೇ ಕೈ ನಡುಗುತ್ತದೆ. ವಾರಕ್ಕೊಂದು ಸಲ ಅದೇ ಅಳತೆಯಲ್ಲಿ, ಗಡಿಯಾರ ಇಟ್ಟುಕೊಂಡು ಬರೆಯಿರಿ. ವಿಷಯ ಸಿಕ್ಕ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ದೊಡ್ಡ ಹಾಳೆ ಮುಟ್ಟದೆ ಚಿಕ್ಕ ಚಿಕ್ಕ ಸ್ಕೆಚ್ ಮಾಡಿ ಒಂದನ್ನು ಆರಿಸಿ.

ಅಟೆಂಡೆನ್ಸ್ ಕಡಿಮೆ ಆದ್ರೆ?

ಶೇ 75 ಹಾಜರಾತಿ ಬೇಕೇ ಬೇಕು. ಕಾಲೇಜು ಅಧಿಕೃತವಾಗಿ ಕಳಿಸಿದ ಸ್ಪರ್ಧೆಗೆ ಆನ್ ಡ್ಯೂಟಿ ಸಿಗುತ್ತದೆ, ಹೊರಡುವ ಮುಂಚೆಯೇ ಪ್ರಾಂಶುಪಾಲರ ಸಹಿ ಮಾಡಿಸಿಕೊಳ್ಳಿ. ತಾಲೀಮಿಗೆ ಕೊಡುವುದಿಲ್ಲ. ತಾಲೀಮು ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿ.

## ತಾವೇ ಮಾಡಲು ಹೊರಟವರಿಗೆ

ಒಂದು ನಾಟಕ ಆಡ್ಬೇಕು ಅಂತಿದ್ದೀವಿ. ಬರೆದವರ ಪರ್ಮಿಷನ್ ಬೇಕಾ?

ಎಲ್ಲಿ, ಯಾರ ಮುಂದೆ ಆಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕಾಲೇಜಿನ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಅಧ್ಯಾಪಕರು ಆಡಿ, ನೋಡುವವರು ಅದೇ ಕಾಲೇಜಿನವರು, ಪೋಷಕರು ಮಾತ್ರ ಆಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಹೊರಗಿನ ಸಾರ್ವಜನಿಕರನ್ನು ಕರೆದು ಟಿಕೆಟ್ ಇಟ್ಟರೆ ಅನುಮತಿ ಬೇಕು. ನಾಟಕಕಾರರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರ ವಾರಸುದಾರರದ್ದು. ಅನುವಾದಿತ ನಾಟಕವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ, ಮರೆಯಬೇಡಿ.

ಕಾನೂನು ಬೇಡ ಅಂದರೂ ನಾನು ಪತ್ರ ಬರೆಸುತ್ತೇನೆ. ವಿದ್ಯಾರ್ಥಿಗಳು ಕೇಳಿದರೆ ಸಂತೋಷದಿಂದ ಒಪ್ಪಿಕೊಂಡು, ಪಾತ್ರದ ಬಗ್ಗೆ ನಾಲ್ಕು ಮಾತು ಹೇಳುವ ನಾಟಕಕಾರರಿದ್ದಾರೆ. ಅದು ತಂಡಕ್ಕೆ ಸಿಗುವ ಪಾಠ. ಕರಪತ್ರದಲ್ಲಿ ಬರೆದವರ ಹೆಸರು ಮುಖ್ಯ ಅತಿಥಿಗಳ ಹೆಸರಿಗಿಂತ ಮೇಲೆ ಇರಲಿ.

ಕಾಲೇಜು ಫೀಲ್ಡ್‌ನಲ್ಲಿ ರಾತ್ರಿ ಕಾರ್ಯಕ್ರಮ ಇಡ್ತೀವಿ. ಮೈಕಿಗೆ ಯಾರನ್ನ ಕೇಳ್ಬೇಕು?

ಬಯಲಲ್ಲಿ ಧ್ವನಿವರ್ಧಕ ಹಾಕಲು ಪೊಲೀಸ್ ಠಾಣೆಯಿಂದ ಬರಹದಲ್ಲಿ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕುವಂತಿಲ್ಲ. ಕೋರಿಕೆ ಪತ್ರ ಪ್ರಾಂಶುಪಾಲರ ಲೆಟರ್‌ಹೆಡ್‌ನಲ್ಲಿ ಇರಲಿ, ಕನಿಷ್ಠ ಒಂದು ವಾರ ಮೊದಲು ಕೊಡಿ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ನುಡಿ ಅಂತ ಒಂಬತ್ತೂವರೆ ಮಾಡಿಬಿಟ್ಟು ಆಮೇಲೆ ಹುಡುಗರಿಗೆ ಬೇಗ ಮುಗಿಸಿ ಅನ್ನುವುದು ನಮ್ಮ ಕಡೆ ಮಾಮೂಲಾಗಿಬಿಟ್ಟಿದೆ. ಇದು ನಿಲ್ಲಬೇಕು. ಸಭೆಗೆ ಅರ್ಧ ಗಂಟೆ ಅಂತ ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ.

ಇಲಾಖೆಯಿಂದ ನಮ್ಮಂಥವರಿಗೆ ವೇದಿಕೆ ಸಿಗುತ್ತಾ?

ಸಿಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗೆ ಚಿಗುರು, ಯುವಕರಿಗೆ ಯುವ ಸೌರಭ ಅಂತ ಕಾರ್ಯಕ್ರಮ ಮಾಡುತ್ತದೆ. ಸಾಂಸ್ಕೃತಿಕ ಸೌರಭ, ಜನಪರ ಉತ್ಸವಗಳೂ ಇವೆ. ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ತಂಡದ ಹೆಸರು, ಕಲಾ ಪ್ರಕಾರ, ಹಿಂದಿನ ಕಾರ್ಯಕ್ರಮದ ಫೋಟೊ, ಪತ್ರಿಕಾ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಕೊಡಿ. ಸಂಭಾವನೆ ಖಾತೆಗೇ ಬರುತ್ತದೆ, ಬರುವುದು ಸ್ವಲ್ಪ ತಡ ಆಗಬಹುದು. ಹಾಗಾಗಿ ವೇಷಭೂಷಣದ ಬಾಡಿಗೆಯನ್ನು ಆ ದುಡ್ಡು ನಂಬಿ ಸಾಲ ಮಾಡಿ ತರಬೇಡಿ.

ಡಿಗ್ರಿ ಆದ್ಮೇಲೆ ನಾಟಕಾನೇ ಕಲೀಬೇಕು ಅಂತಿದೆ. ಮನೇಲಿ ಒಪ್ಪಲ್ಲ. ಎಲ್ಲಿಗೆ ಹೋಗ್ಲಿ?

ಹತ್ತಿರದಿಂದ ಶುರು ಮಾಡೋಣ. ಸಾಣೇಹಳ್ಳಿಯಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆ ಇದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ, 1980ರಲ್ಲಿ ಶುರುವಾದದ್ದು. ಎರಡೂ ಕಡೆ ಒಂದು ವರ್ಷದ ತರಬೇತಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷ, ಅಲ್ಲಿಗೆ ಅರ್ಜಿ ಹಾಕಲು ಡಿಗ್ರಿಯ ಜೊತೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಹೆಗ್ಗೋಡು, ಸಾಣೇಹಳ್ಳಿಯವರು ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ ಅರ್ಜಿ ಕರೆಯುತ್ತಾರೆ, ಡಿಗ್ರಿ ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಕಣ್ತಪ್ಪಿ ಹೋಗುತ್ತದೆ.

ಮನೆಯವರ ವಿಷಯ ಹೇಳುತ್ತೇನೆ. ಒಂದು ವರ್ಷ ಕೇಳಿ, ಜೀವನವಿಡೀ ಅಂತ ಕೇಳಬೇಡಿ. ಈ ತರಬೇತಿ ಮುಗಿಸಿದವರು ಎಲ್ಲರೂ ನಟರೇ ಆಗಿಲ್ಲ. ಶಾಲೆಗಳಲ್ಲಿ ರಂಗಶಿಕ್ಷಕರಾಗಿದ್ದಾರೆ, ಬೆಳಕು, ಪ್ರಸಾದನದ ಕೆಲಸ ಹಿಡಿದಿದ್ದಾರೆ, ಧಾರಾವಾಹಿಗಳಿಗೆ ಬರೆಯುತ್ತಿದ್ದಾರೆ. ಅಪ್ಪ ಅಮ್ಮನನ್ನು ಅರ್ಜಿ ಹಾಕುವ ಮೊದಲು ಒಂದು ಸಲ ಸಾಣೇಹಳ್ಳಿಗೆ ಕರೆದುಕೊಂಡು ಹೋಗಿ. ವಿದ್ಯಾರ್ಥಿಗಳು ಉಳಿಯುವ ಜಾಗ, ಊಟ, ದಿನಚರಿ ಎಲ್ಲವನ್ನೂ ಅವರೇ ನೋಡಲಿ, ಅಲ್ಲಿನ ಅಧ್ಯಾಪಕರನ್ನು ಅವರೇ ಕೇಳಲಿ. ಸಂದರ್ಶನಕ್ಕೆ ಒಂದು ಸಂಭಾಷಣೆ, ಒಂದು ಹಾಡು ಬಾಯಿಪಾಠ ಮಾಡಿಕೊಂಡು ಹೋಗಿ. ಹಿಂದಿನ ಆರು ತಿಂಗಳಲ್ಲಿ ಯಾವ ನಾಟಕ ನೋಡಿದಿರಿ ಅಂತ ಕೇಳಿದರೆ ಹೇಳಲು ಎರಡು ಮೂರು ಹೆಸರಾದರೂ ಇರಲಿ.